ಮಹಿಳೆಯರ ಚುಟುಕು ಕ್ರಿಕೆಟ್: ಮೈಸೂರಿನ ವರ್ತಕರು ಎಲ್ಲಿದ್ದಾರೆ?

ಒಂಟಿಕೊಪ್ಪಲ್ ಎಂದೊಡನೆ ಮೈಸೂರು ಸೀಮೆಯ ವರ್ತಕರಿಗೆ ಮೊದಲು ನೆನಪಾಗುವುದು ಪಂಚಾಂಗ. ಯಾವ ಮಾಸದಲ್ಲಿ ಎಷ್ಟು ವಿವಾಹ ಮುಹೂರ್ತಗಳಿವೆ, ಆಷಾಢ ಎಂದು ಕಾಲಿಡುತ್ತದೆ, ಅಧಿಕ ಮಾಸ ಎಲ್ಲಿ ಬಂದು ಕೂತಿದೆ ಎಂಬುದನ್ನು ನೋಡದೆ ಜವಳಿಯವರು ಸಗಟು ಖರೀದಿಗೆ ಹೊರಡುವುದಿಲ್ಲ, ಪಾತ್ರೆ ಅಂಗಡಿಯವರು ದಾಸ್ತಾನು ತುಂಬುವುದಿಲ್ಲ, ಕಲ್ಯಾಣಮಂಟಪದವರು ಮುಂಗಡ ಹಿಡಿಯುವುದಿಲ್ಲ. ಧರ್ಮಕಾರ್ಯಕ್ಕಾಗಿ ಹುಟ್ಟಿದ ಗ್ರಂಥವೊಂದು ವ್ಯಾಪಾರದ ಕೈಪಿಡಿಯೂ ಆಗಿರುವುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು. ಜನರು ಎಂದು ಒಟ್ಟಿಗೆ ಸೇರುತ್ತಾರೆ, ಎಂದು ಕೈಬಿಚ್ಚಿ ಖರ್ಚು ಮಾಡುತ್ತಾರೆ ಎಂಬುದನ್ನು ಮುಂದಾಗಿ ಅರಿತವನೇ ವರ್ತಕ.

ಜನರು ಸೇರುವ ದಿನಗಳನ್ನು ಗೊತ್ತುಪಡಿಸುವ ಇನ್ನೊಂದು ಪಂಚಾಂಗವೂ ಕಳೆದ ಎರಡು ದಶಕಗಳಲ್ಲಿ ಸಿದ್ಧವಾಗಿದೆ. ಅದು ಕ್ರಿಕೆಟ್ ಪಂದ್ಯಗಳ ವೇಳಾಪಟ್ಟಿ. ಪುರುಷರ ಪಂದ್ಯಗಳ ಮಟ್ಟಿಗೆ ದೂರದರ್ಶನ ಪೆಟ್ಟಿಗೆ ಮಾರುವವರಿಂದ ಹಿಡಿದು ಕುರುಕಲು ತಿಂಡಿ ಮಾರುವವರವರೆಗೆ ಎಲ್ಲರೂ ಅದನ್ನು ಓದಲು ಕಲಿತಿದ್ದಾರೆ. ಆದರೆ ಅದೇ ಪಂಚಾಂಗದ ಇನ್ನೊಂದು ಪುಟವನ್ನು, ಅಂದರೆ ಮಹಿಳೆಯರ ಇಪ್ಪತ್ತು ಓವರುಗಳ ಪಂದ್ಯಾವಳಿಗಳ ಪುಟವನ್ನು, ಮೈಸೂರಿನ ವಾಣಿಜ್ಯ ವಲಯ ಇನ್ನೂ ತೆರೆದು ನೋಡಿದಂತೆ ಕಾಣುವುದಿಲ್ಲ.

ಈ ಪುಟ ಹೊಸದೇನೂ ಅಲ್ಲ. ಅಂತಾರಾಷ್ಟ್ರೀಯ ಮಟ್ಟದ ಮೊತ್ತಮೊದಲ ಟಿ-20 ಪಂದ್ಯವನ್ನು ಆಡಿದವರು ಮಹಿಳೆಯರು ಎಂಬುದು ಹಲವರಿಗೆ ಆಶ್ಚರ್ಯವೆನಿಸಬಹುದು. 2004ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಹೋವ್‌ನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ವನಿತೆಯರು ಅದನ್ನು ಆಡಿದರು. ಪುರುಷರ ಮೊದಲ ಪಂದ್ಯ ನಡೆದದ್ದು 2005ರ ಫೆಬ್ರವರಿಯಲ್ಲಿ. ಅಷ್ಟೇ ಏಕೆ, ಮಹಿಳೆಯರ ಮೊದಲ ಏಕದಿನ ವಿಶ್ವಕಪ್ 1973ರಲ್ಲಿ, ಪುರುಷರದ್ದಕ್ಕಿಂತ ಎರಡು ವರ್ಷ ಮೊದಲೇ ಜರುಗಿತು. ವಾಣಿಜ್ಯ ಪತ್ರಿಕೆಯ ಓದುಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೆಂದರೆ, ಆ ಪಂದ್ಯಾವಳಿಯ ವೆಚ್ಚ ಭರಿಸಿದ್ದು ಯಾವ ಸರ್ಕಾರವೂ ಅಲ್ಲ, ಕ್ರಿಕೆಟ್ ಮಂಡಳಿಯೂ ಅಲ್ಲ. ಜಾಕ್ ಹೇವರ್ಡ್ ಎಂಬ ಉದ್ಯಮಿ 40,000 ಪೌಂಡುಗಳನ್ನು ನೀಡಿದ್ದರಿಂದ ಅದು ಸಾಧ್ಯವಾಯಿತು. ಮಹಿಳಾ ಕ್ರಿಕೆಟ್ಟಿನ ವಿಶ್ವಮಟ್ಟದ ಇತಿಹಾಸ ವ್ಯಾಪಾರಿಯೊಬ್ಬನ ಚೆಕ್ಕಿನಿಂದ ಆರಂಭವಾಗಿದೆ.

ಟಿ-20 ಮಾದರಿಯ ಮಹಿಳಾ ವಿಶ್ವಕಪ್ 2009ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ್ಗೊಂಡಿತು. 2024ರವರೆಗಿನ ಒಂಬತ್ತು ಆವೃತ್ತಿಗಳಲ್ಲಿ ಆರನ್ನು ಆಸ್ಟ್ರೇಲಿಯಾ ಗೆದ್ದುಕೊಂಡಿದೆ. 2016ರಲ್ಲಿ ಭಾರತವೇ ಆತಿಥ್ಯ ವಹಿಸಿದಾಗ, ಮಾರ್ಚ್ 15ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ತಂಡ ಬಾಂಗ್ಲಾದೇಶವನ್ನು 72 ರನ್ನುಗಳಿಂದ ಸೋಲಿಸಿತು. ಕಡೂರಿನ ವೇದಾ ಕೃಷ್ಣಮೂರ್ತಿ ಮತ್ತು ಬೆಂಗಳೂರಿನ ವಿ.ಆರ್. ವನಿತಾ ಆ ತಂಡದಲ್ಲಿದ್ದರು. ಆದರೆ ಆಗಿನ ಏರ್ಪಾಡು ನೋಡಿ: ಮಹಿಳೆಯರ ಮತ್ತು ಪುರುಷರ ವಿಶ್ವಕಪ್‌ಗಳು ಏಕಕಾಲದಲ್ಲಿ ನಡೆಯುತ್ತಿದ್ದವು, ಮಹಿಳೆಯರ ಅಂತಿಮ ಪಂದ್ಯ ಪುರುಷರ ಅಂತಿಮ ಪಂದ್ಯದ ದಿನವೇ, ಅದೇ ಈಡನ್ ಗಾರ್ಡನ್ಸ್‌ನಲ್ಲಿ, ಅದಕ್ಕೆ ಮುನ್ನ ಮುಗಿದುಹೋಯಿತು. ಮದುವೆಮನೆಯಲ್ಲಿ ಊಟಕ್ಕೆ ಮುನ್ನ ಕೊಡುವ ಪಾನಕದಂತೆ. 2018ರಲ್ಲಿ ಮಹಿಳೆಯರ ಪಂದ್ಯಾವಳಿಯನ್ನು ಪ್ರತ್ಯೇಕಗೊಳಿಸಲಾಯಿತು. ಎರಡೇ ವರ್ಷಗಳ ತರುವಾಯ, 2020ರ ಮಾರ್ಚ್ 8ರಂದು, ಮೆಲ್ಬರ್ನ್ ಮೈದಾನದಲ್ಲಿ ಭಾರತ–ಆಸ್ಟ್ರೇಲಿಯಾ ಅಂತಿಮ ಪಂದ್ಯವನ್ನು ನೋಡಲು 86,174 ಮಂದಿ ಸೇರಿದ್ದರು. ಭಾರತ 85 ರನ್ನುಗಳಿಂದ ಸೋತಿತು. ಸೋತ ತಂಡದಲ್ಲಿ ವೇದಾ ಅವರೊಂದಿಗೆ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಕೂಡ ಆಡಿದ್ದರು.

ಸರಕು ಅದೇ, ಆಟಗಾರ್ತಿಯರು ಬಹುಪಾಲು ಅವರೇ. ಬದಲಾದದ್ದು ಅಂಗಡಿಯ ಮುಂಭಾಗ. ಪ್ರತ್ಯೇಕ ಮಳಿಗೆ, ಪ್ರತ್ಯೇಕ ಫಲಕ, ಪ್ರತ್ಯೇಕ ದಿನಾಂಕ ಕೊಟ್ಟೊಡನೆ ಗಿರಾಕಿಗಳು ಬಂದರು. ಚಿಲ್ಲರೆ ವ್ಯಾಪಾರದಲ್ಲಿ ಹತ್ತು ವರ್ಷ ಕಳೆದವರಿಗೆ ಇದರ ಗುಟ್ಟನ್ನು ವಿವರಿಸಬೇಕಾಗಿಲ್ಲ.

ಹಣದ ಮಾತಿಗೆ ಬಂದರೆ ಅಂಕಿ ಅಂಶಗಳು ಇನ್ನೂ ಸ್ಪಷ್ಟ. ಭಾರತ ಕ್ರಿಕೆಟ್ ನಿಯಂತ್ರಣ ಮಂಡಳಿಯು 2023ರಲ್ಲಿ ಆರಂಭಿಸಿದ ಮಹಿಳಾ ಪ್ರೀಮಿಯರ್ ಲೀಗ್‌ನ ಐದು ತಂಡಗಳು ಒಟ್ಟು ರೂ. 4,669.99 ಕೋಟಿಗೆ ಹರಾಜಾದವು. ಬೆಂಗಳೂರು ತಂಡವೊಂದರ ಬೆಲೆಯೇ ರೂ. 901 ಕೋಟಿ. ಐದು ವರ್ಷಗಳ ಪ್ರಸಾರದ ಹಕ್ಕು ರೂ. 951 ಕೋಟಿಗೆ ಮಾರಾಟವಾಯಿತು. ಟಿ-20 ವಿಶ್ವಕಪ್ ಗೆದ್ದ ತಂಡಕ್ಕೆ 2023ರಲ್ಲಿ 10 ಲಕ್ಷ ಡಾಲರ್ ಬಹುಮಾನವಿದ್ದರೆ, 2024ರಲ್ಲಿ ಅದು 23.4 ಲಕ್ಷ ಡಾಲರಿಗೆ ಏರಿತು. 2026ರ ಆವೃತ್ತಿಗೆ ತಂಡಗಳ ಸಂಖ್ಯೆಯನ್ನು ಹತ್ತರಿಂದ ಹನ್ನೆರಡಕ್ಕೆ ಹೆಚ್ಚಿಸಲಾಯಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ಟನ್ನು ಸೇರಿಸಿಕೊಂಡಾಗಲೂ ಆಯ್ದುಕೊಂಡದ್ದು ಈ ಚುಟುಕು ಮಾದರಿಯನ್ನೇ. ಪುರುಷರಿಗೂ ಮಹಿಳೆಯರಿಗೂ ತಲಾ ಆರು ತಂಡಗಳು. ಇಷ್ಟು ಹಣ ಹೂಡುವವರು ದಾನಧರ್ಮದ ಮನಸ್ಸಿನಿಂದ ಹೂಡುತ್ತಿದ್ದಾರೆಂದು ಯಾವ ವರ್ತಕನೂ ನಂಬಲಾರ.

ಪ್ರಶ್ನೆ ಇರುವುದು, ಈ ಪ್ರವಾಹದ ಒಂದು ಬೊಗಸೆಯಾದರೂ ಒಂಟಿಕೊಪ್ಪಲಿನ ದೇವಸ್ಥಾನದ ರಸ್ತೆಗೋ, ಕಾಳಿದಾಸ ರಸ್ತೆಗೋ, ಹೆಬ್ಬಾಳು–ಹೂಟಗಳ್ಳಿಯ ಸಣ್ಣ ಕಾರ್ಖಾನೆಗಳಿಗೋ ಏಕೆ ಬರುತ್ತಿಲ್ಲ ಎಂಬುದು.

2025ರ ಶರತ್ಕಾಲವನ್ನು ಇಲ್ಲಿ ನೆನೆಯಲೇಬೇಕು. ಅದು ಐವತ್ತು ಓವರುಗಳ ವಿಶ್ವಕಪ್ಪಿನ ವರ್ಷ; ಚುಟುಕು ಮಾದರಿಯದ್ದಲ್ಲ. ಆದರೆ ಅದು ಕಲಿಸಿದ ಪಾಠಕ್ಕೆ ಮಾದರಿಯ ಭೇದವಿಲ್ಲ. ಮೂಲ ವೇಳಾಪಟ್ಟಿಯಂತೆ ಉದ್ಘಾಟನಾ ಪಂದ್ಯ ಸೆಪ್ಟೆಂಬರ್ 30ರಂದು ಬೆಂಗಳೂರಿನಲ್ಲಿ; ಅಕ್ಟೋಬರ್ 3ರಂದು ಅಲ್ಲಿಯೇ ಮತ್ತೊಂದು ಪಂದ್ಯ. ನಡುವೆ ಅಕ್ಟೋಬರ್ 2ರಂದು ಮೈಸೂರಿನಲ್ಲಿ ವಿಜಯದಶಮಿಯ ಜಂಬೂಸವಾರಿ. ಇಂಗ್ಲೆಂಡಿನಿಂದಲೋ ದಕ್ಷಿಣ ಆಫ್ರಿಕಾದಿಂದಲೋ ತಂಡದ ಬೆನ್ನಟ್ಟಿ ಬರುವ ಪ್ರೇಕ್ಷಕ, ಎರಡು ಪಂದ್ಯಗಳ ನಡುವಣ ಬಿಡುವಿನಲ್ಲಿ ಮೈಸೂರಿಗೆ ಬಂದು ಅಂಬಾರಿ ನೋಡಿ, ರೇಷ್ಮೆಯದೊಂದು ಶಾಲು ಕೊಂಡು, ಎರಡು ರಾತ್ರಿ ತಂಗಿ ಹಿಂದಿರುಗುವಂತೆ ಯಾರೋ ಕುಳಿತು ಹೊಂದಿಸಿಕೊಟ್ಟಂತಿತ್ತು ಆ ದಿನಾಂಕಗಳ ಕೂಡಿಕೆ. 2023ರಲ್ಲಿ ಉದ್ಘಾಟನೆಗೊಂಡ ದಶಪಥ ಹೆದ್ದಾರಿ ಎರಡು ನಗರಗಳ ಅಂತರವನ್ನು ಬಹಳವಾಗಿ ಕುಗ್ಗಿಸಿತ್ತು.

ಆದರೆ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಬೆಂಗಳೂರಿನ ಪುರುಷರ ತಂಡದ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಅದರ ಪರಿಣಾಮವಾಗಿ ಆಗಸ್ಟ್‌ನಲ್ಲಿ ವಿಶ್ವಕಪ್ಪಿನ ಪಂದ್ಯಗಳೆಲ್ಲ ಬೆಂಗಳೂರಿನಿಂದ ಸ್ಥಳಾಂತರಗೊಂಡವು. ಉದ್ಘಾಟನೆ ಗುವಾಹಾಟಿಗೆ ಹೋಯಿತು. ಬೆಂಗಳೂರಿಗೆ ಬರಬಹುದಾಗಿದ್ದ ಅಂತಿಮ ಪಂದ್ಯ ನವಿ ಮುಂಬೈಗೆ ಹೋಯಿತು. ನವೆಂಬರ್ 2ರಂದು ಭಾರತದ ವನಿತೆಯರು ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ವಿಶ್ವಕಪ್ ಎತ್ತಿದಾಗ ಆ ರಾತ್ರಿಯ ಸಂಭ್ರಮಕ್ಕೂ ಅದರ ವ್ಯಾಪಾರಕ್ಕೂ ಸಾಕ್ಷಿಯಾದದ್ದು ಮಹಾರಾಷ್ಟ್ರ. ಹನ್ನೊಂದು ಜೀವಗಳ ನಷ್ಟದ ಮುಂದೆ ಈ ನಷ್ಟವನ್ನು ಹೆಸರಿಸುವುದಕ್ಕೂ ಸಂಕೋಚವಾಗುತ್ತದೆ. ಆದರೂ ಒಂದು ಮಾತು ಹೇಳಬೇಕು. ಬೆಂಗಳೂರು ವಿಶ್ವಕಪ್ ಕಳೆದುಕೊಂಡಾಗ ಮೈಸೂರು ತಾನೂ ಏನನ್ನೋ ಕಳೆದುಕೊಳ್ಳುತ್ತಿದೆ ಎಂಬ ಅರಿವು ಇಲ್ಲಿನ ಪೇಟೆಯಲ್ಲಿ ಹೆಚ್ಚಾಗಿ ಕಂಡುಬರಲಿಲ್ಲ. ಕಳೆದುಕೊಂಡದ್ದು ಗೊತ್ತಾಗಬೇಕಾದರೆ ಮೊದಲು ಅದು ಲೆಕ್ಕದ ಪುಸ್ತಕದಲ್ಲಿರಬೇಕು.

ಮೈಸೂರಿಗೆ ಮಹಿಳಾ ಕ್ರಿಕೆಟ್ ಹೊರಗಿನದೇನೂ ಅಲ್ಲ ಎಂಬುದನ್ನೂ ಮರೆಯಲಾಗದು. ಒಂಟಿಕೊಪ್ಪಲಿನಿಂದ ಆಟೋದಲ್ಲಿ ಹತ್ತು ನಿಮಿಷದ ಹಾದಿಯಲ್ಲಿ, ಮಾನಸಗಂಗೋತ್ರಿಯ ಆವರಣಕ್ಕೆ ಹೊಂದಿಕೊಂಡು, ಗಂಗೋತ್ರಿ ಗ್ಲೇಡ್ಸ್ ಎಂದು ಹೆಸರಾದ, ಈಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ಹೆಸರು ಹೊತ್ತ ಮೈದಾನವಿದೆ. 2014ರ ನವೆಂಬರ್ 16ರಿಂದ ಅಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ವನಿತೆಯರ ಟೆಸ್ಟ್ ಪಂದ್ಯ ಜರುಗಿತು. ತಿರುಷ್ ಕಾಮಿನಿ 192 ರನ್, ಪೂನಂ ರಾವತ್ 130 ರನ್ ಗಳಿಸಿದರು; ಹರ್ಮನ್‌ಪ್ರೀತ್ ಕೌರ್ ಪಂದ್ಯದಲ್ಲಿ 9 ವಿಕೆಟ್ ಪಡೆದರು; ಮಿಥಾಲಿ ರಾಜ್ ನಾಯಕತ್ವದ ಭಾರತ ಇನಿಂಗ್ಸ್ ಮತ್ತು 34 ರನ್ನುಗಳಿಂದ ಗೆದ್ದಿತು. ಅನಂತರ ಭಾರತದ ವನಿತೆಯರಿಗೆ ಮತ್ತೊಂದು ಟೆಸ್ಟ್ ಆಡುವ ಯೋಗ ಬಂದದ್ದು 2021ರ ಜೂನ್‌ನಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಆರೂವರೆ ವರ್ಷಗಳಿಗೂ ಮಿಕ್ಕಿದ ಆ ಬರಗಾಲದ ಉದ್ದಕ್ಕೂ, ಅವರು ಕೊನೆಯದಾಗಿ ಟೆಸ್ಟ್ ಆಡಿದ ಊರು ಯಾವುದೆಂದರೆ ಉತ್ತರ ಮೈಸೂರೇ ಆಗಿತ್ತು. ಕ್ರಿಕೆಟ್ ಇತಿಹಾಸದಲ್ಲಿ ಇಂಥದೊಂದು ಸ್ಥಾನ ಬೇರೊಂದು ಊರಿಗೆ ಸಿಕ್ಕಿದ್ದರೆ ಅಲ್ಲಿನ ಹೋಟೆಲುಗಳ ಗೋಡೆಗಳ ಮೇಲೆ ಆ ಛಾಯಾಚಿತ್ರಗಳು ತೂಗುತ್ತಿದ್ದವು.

ಇದಕ್ಕೆ ಪ್ರತಿಯಾಗಿ ಕೇಳಿಬರುವ ಮಾತೊಂದಿದೆ: ಮೈಸೂರಿಗೆ ಅಂತಾರಾಷ್ಟ್ರೀಯ ದರ್ಜೆಯ ಕ್ರೀಡಾಂಗಣವಿಲ್ಲ, ಅದು ಬರುವವರೆಗೆ ಇವೆಲ್ಲ ಹಗಲುಗನಸು. ಕ್ರೀಡಾಂಗಣದ ಪ್ರಸ್ತಾಪ ಹಲವು ವರ್ಷಗಳಿಂದ ಕೇಳಿಬರುತ್ತಿರುವುದು ನಿಜ. ಆದರೆ ವಡೋದರಾದ ಉದಾಹರಣೆಯನ್ನು ನೋಡಬಹುದು. ಅದೂ ಮೈಸೂರಿನಂತೆ ರಾಜಮನೆತನದ ಊರು. ರಾಜ್ಯದ ಅತಿ ದೊಡ್ಡ ನಗರದ ನೆರಳಿನಲ್ಲಿ ಬೆಳೆದದ್ದು. ಅಲ್ಲಿ ಕೋಟಂಬಿಯ ಹೊಸ ಕ್ರೀಡಾಂಗಣದಲ್ಲಿ ಮೊದಲ ಅಂತಾರಾಷ್ಟ್ರೀಯ ಪಂದ್ಯಗಳನ್ನು ಆಡಿದವರು ಪುರುಷರಲ್ಲ. 2024ರ ಡಿಸೆಂಬರ್‌ನಲ್ಲಿ ಭಾರತ ಮತ್ತು ವೆಸ್ಟ್ ಇಂಡೀಸ್‌ನ ವನಿತೆಯರು. ಎರಡೇ ತಿಂಗಳಲ್ಲಿ ಮಹಿಳಾ ಪ್ರೀಮಿಯರ್ ಲೀಗ್‌ನ ಪಂದ್ಯಗಳೂ ಅಲ್ಲಿಗೆ ಬಂದವು. ಎರಡನೆಯ ಹಂತದ ನಗರಗಳಿಗೆ ಅಂತಾರಾಷ್ಟ್ರೀಯ ಕ್ರಿಕೆಟ್ ಪ್ರವೇಶಿಸುವುದು ಮಹಿಳೆಯರ ಪಂದ್ಯಗಳ ಬಾಗಿಲಿನಿಂದ. ಪುರುಷರ ದೊಡ್ಡ ಪಂದ್ಯ ಐವತ್ತು ಸಾವಿರ ಆಸನಗಳನ್ನು ಕೇಳುತ್ತದೆ. ಮಹಿಳೆಯರ ಟಿ-20 ಪಂದ್ಯಕ್ಕೆ ಬೇಕಾದದ್ದು ಒಳ್ಳೆಯ ಪಿಚ್, ಸಣ್ಣ ಬೌಂಡರಿ, ಶುಚಿಯಾದ ಶೌಚಾಲಯಗಳು, ಮತ್ತು ಮಕ್ಕಳೊಂದಿಗೆ ಮೂರು ಗಂಟೆ ಕುಳಿತು ನೋಡುವಷ್ಟು ನೆರಳು.

ಇನ್ನೊಂದು ಆಕ್ಷೇಪಣೆ ಮೇಲಿನದಕ್ಕಿಂತ ಗಟ್ಟಿಯಾದದ್ದು. 2025ರ ಆಗಸ್ಟ್‌ನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಪುರುಷರ ಮಹಾರಾಜ ಟ್ರೋಫಿ ಬೆಂಗಳೂರಿನಿಂದ ಮೈಸೂರಿಗೇ ವರ್ಗಾವಣೆಗೊಂಡಿತು. ಆದರೆ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ತಂಡಗಳೂ ತಾಂತ್ರಿಕ ಸಿಬ್ಬಂದಿಯೂ ತಂಗಿದ್ದ ಹೋಟೆಲುಗಳಿಗೆ, ವಾಹನ ಒದಗಿಸಿದವರಿಗೆ, ಬಟ್ಟೆ ಒಗೆದು ಕೊಟ್ಟವರಿಗೆ ಕೆಲಸ ಸಿಕ್ಕಿರಬಹುದು. ಮೈದಾನದ ಸುತ್ತಣ ಅಂಗಡಿಗೆ, ಕಾಫಿ ಹೋಟೆಲಿಗೆ ಅದು ಬೀಗ ಹಾಕಿದ ಮನೆಯೊಳಗಿನ ಮದುವೆ. ಈ ಅನುಭವ ಹೇಳುವುದೇನೆಂದರೆ, ಪಂದ್ಯ ಬಂದ ಮಾತ್ರಕ್ಕೆ ವ್ಯಾಪಾರ ಬರುವುದಿಲ್ಲ. ಜನರನ್ನು ಸುರಕ್ಷಿತವಾಗಿ ಒಳಗೆ ಬಿಟ್ಟು ಹೊರಗೆ ಕಳುಹಿಸಬಲ್ಲ ಊರಿಗೆ ಮಾತ್ರ ಬರುತ್ತದೆ. ದಸರಾದಲ್ಲಿ ಲಕ್ಷಾಂತರ ಜನರನ್ನು ನಿಭಾಯಿಸುವ ಅನುಭವವಿರುವ ಮೈಸೂರು ಈ ವಿಷಯದಲ್ಲಿ ತನ್ನ ಯೋಗ್ಯತೆಯನ್ನು ಮುಂದಿಡಬಹುದಾಗಿತ್ತು. ಅದನ್ನು ಕ್ರೀಡಾಧಿಕಾರಿಗಳೇ ಹೇಳಬೇಕೆಂದಿಲ್ಲ. ವಾಣಿಜ್ಯ ಸಂಸ್ಥೆಗಳೂ ಜಿಲ್ಲಾಡಳಿತದ ಮುಂದೆ ಹೇಳಬಹುದು.

ದೂರದಿಂದ ಬರುವವರನ್ನು ಉಪಚರಿಸುವ ವಿದ್ಯೆ ಒಂಟಿಕೊಪ್ಪಲಿನ ಸುತ್ತಮುತ್ತಲಿನವರಿಗೆ ಹೊಸದಲ್ಲ. ಪಕ್ಕದ ಗೋಕುಲಂಗೆ ಅಷ್ಟಾಂಗ ಯೋಗ ಕಲಿಯಲು ವಿದೇಶೀಯರು ಬರತೊಡಗಿದಾಗ ಯಾರೂ ಅವರಿಗಾಗಿ ಬೃಹತ್ ಕಟ್ಟಡ ಕಟ್ಟಿಸಲಿಲ್ಲ. ಮನೆಯ ಮಹಡಿಯನ್ನು ತಿಂಗಳ ಬಾಡಿಗೆಗೆ ಕೊಟ್ಟವರು, ಸ್ಕೂಟರ್ ಬಾಡಿಗೆಗೆ ಕೊಟ್ಟವರು, ಎಳನೀರು ಮಾರಿದವರು, ಖಾರ ಕಡಿಮೆ ಮಾಡಿ ತಿಂಡಿ ಬಡಿಸಲು ಕಲಿತವರು, ಹೀಗೆ ಸಣ್ಣ ಸಣ್ಣ ಹೊಂದಾಣಿಕೆಗಳಿಂದಲೇ ಒಂದು ವ್ಯಾಪಾರ ರೂಪುಗೊಂಡಿತು.

ಈಗ ಅಂಗಡಿಯ ಕಟ್ಟೆಗೆ ಬರೋಣ. ಹನ್ನೆರಡು ವರ್ಷದ ಮಗಳನ್ನು ಕರೆದುಕೊಂಡು ತಂದೆಯೊಬ್ಬರು ಕ್ರೀಡಾ ಸಾಮಗ್ರಿಯ ಅಂಗಡಿಗೆ ಬಂದರೆಂದು ಊಹಿಸಬಹುದು. ಬೇಸಿಗೆ ಶಿಬಿರ ಆರಂಭವಾಗಲಿದೆ. ಹುಡುಗಿಗೆ ಬ್ಯಾಟು, ಪ್ಯಾಡು, ಗ್ಲೌಸು ಬೇಕು. ಅಂಗಡಿಯವರು ತೆಗೆದು ತೋರಿಸುವುದೆಲ್ಲ ‘ಬಾಯ್ಸ್’ ಎಂದು ಅಚ್ಚಾದ ಪೆಟ್ಟಿಗೆಗಳು. ಪ್ಯಾಡು ಮಂಡಿಯ ಮೇಲೆ ಗೇಣುದ್ದ ಚಾಚುತ್ತದೆ. ಗ್ಲೌಸಿನ ತುದಿಯಲ್ಲಿ ಬೆರಳು ಮುಟ್ಟದ ಜಾಗ ಉಳಿಯುತ್ತದೆ. ಚೆಂಡಿನ ಮಾತಂತೂ ಹೇಳುವುದೇ ಬೇಡ. ಕ್ರಿಕೆಟ್ ನಿಯಮಾವಳಿಯಂತೆ ಪುರುಷರ ಚೆಂಡಿನ ತೂಕ ಸುಮಾರು 156ರಿಂದ 163 ಗ್ರಾಂ. ಮಹಿಳೆಯರದ್ದು 140ರಿಂದ 151 ಗ್ರಾಂ. ಸುತ್ತಳತೆಯೂ ತುಸು ಕಡಿಮೆ. ಈ ವ್ಯತ್ಯಾಸ ಕೇವಲ ಕಾಗದದ ಮೇಲಿನದಲ್ಲ. ದೊಡ್ಡ ಚೆಂಡಿನಲ್ಲಿ ಅಭ್ಯಾಸ ಮಾಡಿದ ಹುಡುಗಿಯ ಬೆರಳ ಹಿಡಿತ, ಸ್ಪಿನ್, ಎಸೆತದ ದೂರ ಎಲ್ಲವೂ ಆಯ್ಕೆ ಪಂದ್ಯದ ದಿನ ಬೇರೆಯಾಗುತ್ತವೆ. ಅಂಗಡಿಯಲ್ಲಿ ಆ ಚೆಂಡು ಸಿಗದಿದ್ದರೆ ತಂದೆ ಮೊಬೈಲಿನಲ್ಲಿ ತರಿಸಿಕೊಳ್ಳುತ್ತಾರೆ. ಆ ಗಿರಾಕಿ ಬ್ಯಾಟಿಗಾಗಿಯೂ ಮತ್ತೆ ಅಂಗಡಿಗೆ ಬರಲಾರರು.

ಇಲ್ಲಿ ಯಾದವಗಿರಿಯ ಹಿರಿಯ ನಿವಾಸಿಯೊಬ್ಬರ ನೆನಪಾಗುತ್ತದೆ. ಆರ್.ಕೆ. ನಾರಾಯಣ್ ಅವರ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಮಾಲ್ಗುಡಿಯ ಹುಡುಗರು ಕ್ರಿಕೆಟ್ ತಂಡ ಕಟ್ಟಿ, ಬ್ಯಾಟು ಚೆಂಡುಗಳಿಗಾಗಿ ಮದರಾಸಿನ ಅಂಗಡಿಗೆ ಪತ್ರ ಬರೆಯುತ್ತಾರೆ. ಊರಿನಲ್ಲಿ ಸಿಗದ ಸರಕಿಗಾಗಿ ದೂರದ ಊರಿಗೆ ಓಲೆ ಬರೆಯುವ ಆ ಪ್ರಸಂಗ ಓದುವವರಿಗೆ ನಗು ತರಿಸುತ್ತದೆ. ತೊಂಬತ್ತು ವರ್ಷಗಳ ತರುವಾಯ ಆ ಹುಡುಗರ ಸ್ಥಾನದಲ್ಲಿ ಹುಡುಗಿಯರಿದ್ದಾರೆ, ಓಲೆಯ ಸ್ಥಾನದಲ್ಲಿ ಮೊಬೈಲ್ ಇದೆ; ಸ್ಥಳೀಯ ಅಂಗಡಿ ಮಾತ್ರ ಅಂದಿನಂತೆಯೇ ವ್ಯವಹಾರದಿಂದ ಹೊರಗುಳಿದಿದೆ.

ಅಂಗಡಿಯವರ ಕಷ್ಟವೂ ಸುಳ್ಳಲ್ಲ. ಕ್ರಿಕೆಟ್ ಸಾಮಗ್ರಿಯ ಉತ್ಪಾದನೆ ಮೀರತ್ ಮತ್ತು ಜಲಂಧರಗಳಲ್ಲಿ ಕೇಂದ್ರೀಕೃತವಾಗಿದೆ. ಕಾಶ್ಮೀರಿ ವಿಲ್ಲೋ ಬ್ಯಾಟುಗಳು ಅನಂತನಾಗ್ ಕಡೆಯಿಂದ ಬರುತ್ತವೆ. ಒಂದು ಅಂಗಡಿ ಎರಡು ಡಜನ್ ಹಗುರ ಚೆಂಡು, ಆರು ಜೊತೆ ಸಣ್ಣ ಪ್ಯಾಡು ಕೇಳಿದರೆ ಉತ್ತರದ ಸಗಟು ವ್ಯಾಪಾರಿ ಸರಿಯಾಗಿ ಉತ್ತರಿಸುವುದೂ ಇಲ್ಲ. ಸಾಗಣೆಯ ಖರ್ಚೇ ಲಾಭವನ್ನು ನುಂಗುತ್ತದೆ. ಆದರೆ ಇದು ಒಬ್ಬರ ಕೈಮೀರಿದ್ದು, ಹತ್ತು ಜನರ ಕೈಗೆಟುಕುವಂಥದು. ನಗರದ ಕ್ರೀಡಾ ಸಾಮಗ್ರಿ ವ್ಯಾಪಾರಿಗಳು ವರ್ಷಕ್ಕೆರಡು ಬಾರಿ ಒಟ್ಟಾಗಿ ಬೇಡಿಕೆ ಸಲ್ಲಿಸಿದರೆ ಪ್ರಮಾಣವೂ ಹೊಂದುತ್ತದೆ, ಬೆಲೆಯೂ ಇಳಿಯುತ್ತದೆ. ಅದಕ್ಕೆ ವೇದಿಕೆ ಒದಗಿಸುವುದು ವಾಣಿಜ್ಯ ಮಂಡಳಿಗಳ ಕೆಲಸವಲ್ಲದಿದ್ದರೆ ಮತ್ತಾವುದು? 2025ರ ಸೆಪ್ಟೆಂಬರ್ 22ರಿಂದ ಕ್ರೀಡಾ ಸಾಮಗ್ರಿಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿದದ್ದು (ವ್ಯಾಯಾಮದ ಸಲಕರಣೆಗಳನ್ನು ಹೊರತುಪಡಿಸಿ) ಇಂಥ ಪ್ರಯತ್ನಕ್ಕೆ ಅನುಕೂಲವೇ ಆಗಿದೆ.

ಉಡುಪಿನ ವಿಷಯದಲ್ಲಿ ಸ್ಥಳೀಯ ಉತ್ಪಾದಕರಿಗೆ ಇನ್ನೂ ಹೆಚ್ಚಿನ ಅವಕಾಶವಿದೆ. ಪುರುಷರ ಅಳತೆಯ ಅಂಗಿಯನ್ನೇ ಕಿರಿದು ಮಾಡಿ ಹುಡುಗಿಯರಿಗೆ ಹಂಚುವ ಅಭ್ಯಾಸ ಇನ್ನೂ ಹೋಗಿಲ್ಲ. ಹೆಣ್ಣುಮಕ್ಕಳ ಭುಜ, ಸೊಂಟ, ತೋಳಿನ ಅಳತೆಗೆ ತಕ್ಕಂತೆ ಕತ್ತರಿಸಿ, ಬಿಸಿಲಿಗೂ ಬೆವರಿಗೂ ತಾಳುವ ಬಟ್ಟೆಯಲ್ಲಿ ಹೊಲಿದು, ಹೆಸರು ಸಂಖ್ಯೆ ಮುದ್ರಿಸಿ, ಮೂವತ್ತು ನಲವತ್ತರ ಸಣ್ಣ ಪ್ರಮಾಣದಲ್ಲಿ ಹದಿನೈದು ದಿನದೊಳಗೆ ಕೊಡುವುದು ದೊಡ್ಡ ಕಾರ್ಖಾನೆಗೆ ಒಗ್ಗದ ಕೆಲಸ; ಎಂಟು ಹತ್ತು ಹೊಲಿಗೆ ಯಂತ್ರಗಳ ಘಟಕಕ್ಕೆ ಹೇಳಿ ಮಾಡಿಸಿದ್ದು. ಹೆಣೆದ ಬಟ್ಟೆಗೆ ತಿರುಪ್ಪೂರು ದೂರವಲ್ಲ. ಗಿರಾಕಿಗಳು ಕ್ರಿಕೆಟ್ಟಿನವರು ಮಾತ್ರ ಆಗಬೇಕಿಲ್ಲ. ಕೊಕ್ಕೊ, ಕಬಡ್ಡಿ, ವಾಲಿಬಾಲ್ ತಂಡಗಳಿಗೂ ಇದೇ ಕೊರತೆ.

ಇವೆಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ಉದ್ಯೋಗದ್ದು. ಭಾರತ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ ಬೆಂಗಳೂರಿನ ಶಾಂತಾ ರಂಗಸ್ವಾಮಿ ಅವರಿಗೆ ಕೆನರಾ ಬ್ಯಾಂಕಿನಲ್ಲಿ ಉದ್ಯೋಗವಿತ್ತು. ತರುವಾಯದ ತಲೆಮಾರುಗಳಿಗೆ ಆಸರೆಯಾದದ್ದು ರೈಲ್ವೆ. ವೇದಾ, ರಾಜೇಶ್ವರಿ ಇಬ್ಬರೂ ರೈಲ್ವೆ ಸೇವೆಗೆ ಸೇರಿದವರೇ. ಪರಿಣಾಮವಾಗಿ ಕರ್ನಾಟಕ ಬೆಳೆಸಿದ ಆಟಗಾರ್ತಿಯರು ದೇಶೀಯ ಪಂದ್ಯಾವಳಿಗಳಲ್ಲಿ ಕರ್ನಾಟಕದ ಎದುರಿಗೇ ರೈಲ್ವೆ ಪರವಾಗಿ ನಿಲ್ಲುವಂತಾಯಿತು. ಅವರನ್ನು ದೂಷಿಸಲಾಗದು, ತಿಂಗಳ ಸಂಬಳ ಕೊಟ್ಟವರ ಪರ ಆಡಿದರು. ರಾಜ್ಯದ ಖಾಸಗಿ ಉದ್ದಿಮೆಗಳು ಅಂಥದೊಂದು ಸಂಬಳ ಕೊಡಲು ಏಕೆ ಮುಂದಾಗಲಿಲ್ಲ ಎಂಬುದೇ ಕೇಳಬೇಕಾದ ಪ್ರಶ್ನೆ. ಲೀಗ್ ಬಂದ ಮೇಲೆ ಅಂತಾರಾಷ್ಟ್ರೀಯ ಮಟ್ಟದವರಿಗೆ ಹಣದ ಚಿಂತೆ ಕಡಿಮೆಯಾಗಿದೆ, ನಿಜ. ಶ್ರೇಯಾಂಕಾ ಪಾಟೀಲ್ 2024ರಲ್ಲಿ ಬೆಂಗಳೂರು ತಂಡ ಲೀಗ್ ಗೆದ್ದಾಗ ಅತಿ ಹೆಚ್ಚು ವಿಕೆಟ್ ಪಡೆದವರು. ಮೈಸೂರಿನ ಶುಭಾ ಸತೀಶ್ 2023ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ತಮ್ಮ ಚೊಚ್ಚಲ ಟೆಸ್ಟ್ ಇನಿಂಗ್ಸ್‌ನಲ್ಲೇ 69 ರನ್ ಗಳಿಸಿದವರು. ಕರ್ನಾಟಕದ ನಿಕಿ ಪ್ರಸಾದ್ 2025ರ ಫೆಬ್ರವರಿಯಲ್ಲಿ ಕೌಲಾಲಂಪುರದಲ್ಲಿ 19 ವರ್ಷದೊಳಗಿನ ವನಿತೆಯರ ಟಿ-20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ. ಆದರೆ ಲೀಗ್‌ನ ಐದು ತಂಡಗಳಲ್ಲಿ ಸ್ಥಾನವಿರುವುದು ಬೆರಳೆಣಿಕೆಯವರಿಗೆ. ಆ ಮಟ್ಟಕ್ಕೆ ಒಂದು ಮೆಟ್ಟಿಲು ಕೆಳಗೆ ನಿಂತು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮನೆಯವರ ಒತ್ತಾಯಕ್ಕೆ ಆಟ ಬಿಡುವವರ ಸಂಖ್ಯೆಯೇ ದೊಡ್ಡದು. ಲೆಕ್ಕಪತ್ರ ವಿಭಾಗದಲ್ಲೋ ಮಾರಾಟ ವಿಭಾಗದಲ್ಲೋ ಅಂಥ ಇಬ್ಬರಿಗೆ ಕೆಲಸ ಕೊಟ್ಟು, ಅಭ್ಯಾಸಕ್ಕೆ ಸಂಜೆ ನಾಲ್ಕಕ್ಕೆ ಬಿಡುವುದು ಮಧ್ಯಮ ಗಾತ್ರದ ಉದ್ದಿಮೆಗೆ ಭಾರವಾಗಲಾರದು.

ಮೈಸೂರಿನ ಉದ್ಯಮಕ್ಕೆ ಕ್ರಿಕೆಟ್ಟಿನಲ್ಲಿ ಹಣ ಹೂಡಿ ಅಭ್ಯಾಸವಿಲ್ಲವೆಂದಲ್ಲ. ಪುರುಷರ ಮೈಸೂರು ವಾರಿಯರ್ಸ್ ತಂಡದ ಒಡೆತನ ಸೈಕಲ್ ಅಗರಬತ್ತಿಯ ಎನ್.ಆರ್. ಸಮೂಹದ್ದು, ಆ ತಂಡ 2024ರಲ್ಲಿ ಮಹಾರಾಜ ಟ್ರೋಫಿ ಗೆದ್ದಿತು. ಅಂಥ ದೊಡ್ಡ ಸಂಸ್ಥೆಗಳಿಗೆ ಕಂಪನಿ ಕಾಯಿದೆಯ ಸಾಮಾಜಿಕ ಹೊಣೆಗಾರಿಕೆಯ ನಿಧಿಯೂ ಇದೆ. ಕ್ರೀಡಾ ತರಬೇತಿಗೆ ಅದನ್ನು ಬಳಸಲು ಕಾನೂನಿನಲ್ಲಿ ಅವಕಾಶವಿದೆ. ಸಣ್ಣ ಉದ್ದಿಮೆಗೆ ಆ ಬಾಧ್ಯತೆಯಿಲ್ಲ, ಆ ನಿಧಿಯೂ ಇಲ್ಲ. ಆದರೆ ಮಹಾರಾಣಿ ಕಾಲೇಜು, ತೆರೇಸಿಯನ್ ಕಾಲೇಜು ಮೊದಲಾದವುಗಳ ಹೆಣ್ಣುಮಕ್ಕಳಿಗಾಗಿ ಎಂಟು ತಂಡಗಳ ಇಪ್ಪತ್ತು ಓವರುಗಳ ಪಂದ್ಯಾವಳಿಯೊಂದನ್ನು ವರ್ಷಕ್ಕೊಮ್ಮೆ ನಡೆಸಲು ಬೇಕಾದದ್ದು ಒಂದು ವಾರದ ಮೈದಾನ, ಇಬ್ಬರು ಅಂಪೈರುಗಳು, ಚೆಂಡು, ಊಟ, ಪ್ರಥಮ ಚಿಕಿತ್ಸೆ ಮತ್ತು ಬಹುಮಾನ. ಒಂದೇ ರಸ್ತೆಯ ಹತ್ತು ಅಂಗಡಿಗಳು ಹಂಚಿಕೊಂಡರೆ ಪ್ರತಿಯೊಬ್ಬರ ಪಾಲು ದೀಪಾವಳಿಯ ಒಂದು ಪತ್ರಿಕಾ ಜಾಹೀರಾತಿಗಿಂತ ಹೆಚ್ಚಾಗಲಾರದು. ಲೆಕ್ಕ ಪರಿಶೋಧಕರನ್ನು ಕೇಳಿ ಅದನ್ನು ಜಾಹೀರಾತಿನ ವೆಚ್ಚವಾಗಿಯೇ ಸರಿಯಾಗಿ ದಾಖಲಿಸಿಕೊಳ್ಳಬಹುದು.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಕರ್ನಾಟಕ ಪ್ರೀಮಿಯರ್ ಲೀಗ್ 2019ರಲ್ಲಿ ಮೋಸದಾಟದ ಆರೋಪಗಳಲ್ಲಿ ಸಿಲುಕಿ ನಿಂತುಹೋದದ್ದು ಯಾರೂ ಮರೆತಿಲ್ಲ. ಪ್ರಾಯೋಜಕರು ಹಣ ಕೊಟ್ಟು ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಹಿಂದಿರುಗುವ ಪದ್ಧತಿ ಬಿಟ್ಟು, ಬ್ಯಾಂಕಿನ ಮೂಲಕವೇ ಪಾವತಿಸಿ, ಪಂದ್ಯಾವಳಿ ಮುಗಿದ ತಿಂಗಳೊಳಗೆ ಖರ್ಚಿನ ಪಟ್ಟಿ ಕೇಳಬೇಕು. ಹಾಗೆ ಕೇಳುವುದರಿಂದ ಸಂಘಟಕರಿಗೆ ಬೇಸರವಾದರೆ ಆಗಲಿ. ಹಾರದ ಬದಲು ಆ ಹಣದಲ್ಲಿ ಇನ್ನೊಂದು ಡಜನ್ ಚೆಂಡು ಬಂದೀತು.

ಶಾಲಾ ಕಾಲೇಜುಗಳ ಪರೀಕ್ಷೆಗಳು ಮಾರ್ಚ್ ಅಂತ್ಯದ ವೇಳೆಗೆ ಮುಗಿಯುತ್ತವೆ. ಬೇಸಿಗೆ ಶಿಬಿರಗಳು ಏಪ್ರಿಲ್ ಮೊದಲ ವಾರದಲ್ಲಿ ಆರಂಭವಾಗುತ್ತವೆ. ಮೀರತ್‌ಗೆ ಸಲ್ಲಿಸಿದ ಬೇಡಿಕೆ ಮೈಸೂರಿನ ಗೋದಾಮಿಗೆ ಬಂದು ಇಳಿಯಲು ನಾಲ್ಕಾರು ವಾರ ಹಿಡಿಯುತ್ತದೆ. ಹಗುರ ಚೆಂಡುಗಳ, ಸಣ್ಣ ಪ್ಯಾಡುಗಳ ಒಟ್ಟು ಬೇಡಿಕೆಯ ಪಟ್ಟಿ ಸಂಕ್ರಾಂತಿ ಕಳೆದ ಕೂಡಲೇ ಸಿದ್ಧವಾದರೆ ಆ ಶಿಬಿರಗಳ ಮೊದಲ ದಿನಕ್ಕೆ ಸರಕು ಅಂಗಡಿಯ ಕಟ್ಟೆಯ ಮೇಲಿರುತ್ತದೆ.